ಗುರುವಾರದ ನೀರು

ನಾನು ಮಾಡಿದ ವಿಶ್ಲೇಷಣೆಯ ಅರ್ಧವನ್ನು ಮುಚ್ಚಿಟ್ಟು, ಉಳಿದರ್ಧವನ್ನು ಸಾಕ್ಷಿಯಾಗಿ ಹಿಡಿದು, ಪುಣೆಯ ಅಂಚಿನಲ್ಲಿ ಹಾಲು ಮಾರಿ ಬದುಕುತ್ತಿದ್ದ ಒಬ್ಬ ವಿಧವೆಯ ಎಮ್ಮೆ ಕೊಟ್ಟಿಗೆಯನ್ನು ಒಂದು ಸಮಿತಿಯವರು ಕೆಡವಿಸಿದರು. ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಇಂದಿಗೂ ಕ್ಷಮಿಸಿಲ್ಲ.

ಅಲ್ಲಿಯ ಹಳ್ಳದಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ದಂಡೆಯ ಮೇಲೆ ಇದ್ದವು ಎರಡೇ: ಆಕೆಯ ಕೊಟ್ಟಿಗೆ, ಮತ್ತು ನೈಟ್ರಿಕ್ ಆಮ್ಲದಲ್ಲಿ ಉಕ್ಕು ತೊಳೆಯುವ ಒಂದು ಕಾರ್ಖಾನೆ. ತಪ್ಪು ಯಾರದೆಂದು ನಿರ್ಧರಿಸಲು ಸಮಿತಿ ನೇಮಕವಾಯಿತು. ಪರೀಕ್ಷೆ ನಮ್ಮ ಪ್ರಯೋಗಾಲಯಕ್ಕೆ ಬಂತು. ನೈಟ್ರೋಜನ್ ಪರಮಾಣುಗಳಲ್ಲಿ ಹಗುರವಾದವೂ ತುಸು ಭಾರವಾದವೂ ಇವೆ. ಸಗಣಿ, ಗಂಜಲ ಕೊಳೆಯುವಾಗ ಹಗುರವಾದವು ಹೆಚ್ಚಾಗಿ ಗಾಳಿಗೆ ಹಾರಿ, ಭಾರವಾದವುಗಳ ಪಾಲು ನೀರಿನಲ್ಲಿ ಏರುತ್ತದೆ. ಕಾರ್ಖಾನೆಯ ಆಮ್ಲದಲ್ಲಿ ಹಾಗಾಗುವುದಿಲ್ಲ. ಆ ಪಾಲನ್ನು ಅಳೆದರೆ ಹೊಲಸಿನ ಮೂಲ ತಿಳಿಯುತ್ತದೆ.

ಸಮಿತಿಯವರು ನೀರು ತುಂಬಿಸಿದ್ದು ಗುರುವಾರ. ಅಂದು ಆ ಕಡೆಯ ಕಾರ್ಖಾನೆಗಳಿಗೆ ವಾರದ ರಜೆ. ಸಮಿತಿಯನ್ನು ಸುತ್ತಾಡಿಸಲು ಕಾರ್ಖಾನೆಯ ಮ್ಯಾನೇಜರರಿಗೆ ಬಿಡುವು, ಅವರ ಜೀಪಿಗೂ ಬಿಡುವು, ಚಹಾ, ಅವಲಕ್ಕಿಯ ಪೋಹೆಗೆ ಧಾರಾಳ ಸಮಯ. ಆಮ್ಲದ ಮೋರಿ ಮಾತ್ರ ಒಣಗಿತ್ತು. ಸಹಜವಾಗಿಯೇ ಸಗಣಿಯ ಗುರುತು ಬಂತು. ಬಾಟಲಿಯ ಚೀಟಿಯಲ್ಲಿ ವಾರವನ್ನು ಕಂಡೊಡನೆ ನನಗೆ ವಿಷಯ ತಿಳಿಯಿತು. ಮುಂದಿನ ಮಂಗಳವಾರ ನಾನೇ ಐಸಿನ ಡಬ್ಬಿ ಹಿಡಿದು, ಪುಣೆಯೊಳಗಿನ ಕೋಥರೂಡದಿಂದ ಬಸ್ಸು ಬದಲಿಸುತ್ತ ಹಳ್ಳಕ್ಕೆ ಹೋದೆ.

ಬೆಳಗಾವಿ ಕಡೆಯವಳಾದ ಕೊಟ್ಟಿಗೆಯ ಒಡತಿ, ನಾನು ಕನ್ನಡದವನೆಂದು ತಿಳಿದು ಹತ್ತಿರ ಬಂದಳು. "ಏನ್ ತುಂಬಾಕ ಹತ್ತೀರಿ, ಸಾಹೇಬ್ರ?"

"ನೀರು, ಅಕ್ಕಾರ. ಹೊಲಸು ಎಮ್ಮೀದೋ ಕಾರ್ಖಾನೀದೋ ತೂಗಿ ನೋಡ್ತೀವ್ರಿ."

"ಚಲೋತ್ನಂಗ ತೂಗ್ರಿ. ಎಮ್ಮೀ ಹಾಕಿದ್ದು ಎಮ್ಮೀ ಲೆಕ್ಕಕ್ಕ ಬರೀರಿ, ಅವರು ಬಿಟ್ಟಿದ್ದು ನನ್ನ ತಲೀಗೆ ಕಟ್ಟಬ್ಯಾಡ್ರಿ. ಈ ಕೊಟ್ಟಿಗಿ ಹೋದ್ರ ನಾ ಎಲ್ಲಿಗೆ ಹೋಗ್ಲಿ?"

ಒಂದು ಲೋಟ ಹಾಲು ತಂದಿಟ್ಟಳು. ಪರೀಕ್ಷೆ ಮಾಡುವವನು ಕುಡಿಯಬಾರದೆಂದು ನಾನು ಮುಟ್ಟಲಿಲ್ಲ. ಆಕೆಯ ಮುಖ ಸಣ್ಣದಾಯಿತು.

ಮಂಗಳವಾರದ ನೀರಿನಲ್ಲಿ ನೈಟ್ರೇಟ್ ಗುರುವಾರದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಅದರ ಗುರುತು ಅದೇ ದಿನ ಕಾರ್ಖಾನೆಯ ಮೋರಿಯಿಂದ ನಾನು ತುಂಬಿಕೊಂಡಿದ್ದ ನೀರಿನ ಗುರುತಿಗೇ ಹೊಂದಿತು. ಅದನ್ನು ಸಮಿತಿಯ ಸಭೆಯ ಮುಂದಿಟ್ಟಾಗ, ಧಾರವಾಡದವರೇ ಆದ ಅಧ್ಯಕ್ಷರು ನಕ್ಕರು. "ಆಕೀನೂ ನಮ್ಮ ಕಡಿಯಾಕಿ, ನೀವೂ ನಮ್ಮ ಕಡಿಯವರು. ಹಾಲು ಭಾಳ ಗಟ್ಟಿ ಇತ್ತೇನ್ರಿ?" ಉಳಿದವರಿಗಾಗಿ ಅದನ್ನು ಮರಾಠಿಯಲ್ಲಿಯೂ ಹೇಳಿದರು. ಎಲ್ಲರೂ ನಕ್ಕರು. ಸಮಿತಿಯ ಸಮಕ್ಷಮದಲ್ಲಿ ತುಂಬಿಸದ ನೀರೆಂದು ಮಂಗಳವಾರದ ಫಲಿತಾಂಶವನ್ನು ಕೈಬಿಟ್ಟರು. ಅಚ್ಚಾದ ವರದಿಯಲ್ಲಿ ಗುರುವಾರದ್ದು ಮಾತ್ರ ಇತ್ತು, ಕೆಳಗೆ ನನ್ನ ಹೆಸರು.

ಮಳೆಗಾಲಕ್ಕೆ ಮೊದಲೇ ಕೊಟ್ಟಿಗೆ ನೆಲಸಮವಾಯಿತು. ಎಮ್ಮೆಗಳನ್ನು ಮಾರಿದ ಆಕೆ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತಿಕ್ಕುವ ಕೆಲಸಕ್ಕೆ ಸೇರಿದಳೆಂದು ಕೇಳಿದೆ. ಮರುವರ್ಷ ನಾನು ಸ್ವಂತ ರಜೆಯಲ್ಲಿ ಹೋಗಿ ಅದೇ ಹಳ್ಳದ ನೀರನ್ನು ತಂದು ನೋಡಿದೆ. ನೈಟ್ರೇಟ್ ಇಳಿದಿರಲಿಲ್ಲ. ಸಮಿತಿಗೆ ತಿಳಿಸಿದೆ, ಉತ್ತರ ಬರಲಿಲ್ಲ.

ಮಾನ್ಯ ಸದಸ್ಯರೇ, ಹಳ್ಳ ಶುದ್ಧವಾಗಲೆಂದೇ ಆಕೆಯನ್ನು ಎಬ್ಬಿಸಿದ್ದಾದರೆ, ಅದು ಶುದ್ಧವಾಯಿತೇ ಎಂದು ನಿಮ್ಮಲ್ಲಿ ಒಬ್ಬರಾದರೂ ಯಾಕೆ ಕೇಳಲಿಲ್ಲ?