ಕಿಂಡಿ ಮುಚ್ಚಿದ ಹೆಬ್ಬೆರಳು

ಪ್ರತಿ ಡಿಸೆಂಬರಿನಲ್ಲೂ ಸ್ಲಾವ್ಕೋವ್ ಬಯಲಿನಲ್ಲಿ ಇನ್ನೂರು ವರ್ಷ ಹಿಂದಿನ ಕದನವನ್ನು ಸೈನಿಕರ ವೇಷ ತೊಟ್ಟು ಮತ್ತೆ ಆಡುತ್ತಾರೆ. ಅಲ್ಲಿ ಸಿಡಿಯುವ ಕಂಚಿನ ಫಿರಂಗಿಗಳಲ್ಲಿ ಒಂದನ್ನು ಎರಕ ಹೊಯ್ದವಳು ನಮ್ಮೂರಿನ ಬ್ಲಾಜೆನಾ. ಅವಳದು ಗಂಟೆ ಎರಕದ ಮನೆತನ. ಜೇಡಿಮಣ್ಣಿಗೆ ಕುದುರೆ ಲದ್ದಿ, ಮೇಕೆ ಕೂದಲು ಕಲಸಿ ಹಳೆಯ ಕ್ರಮದಲ್ಲೇ ಅಚ್ಚು ಮಾಡಿದಳು. ಇತಿಹಾಸದ ಮೇಲಿನ ಪ್ರೀತಿಯಿಂದ ಮಾಡಿದಳೆಂದು ಪತ್ರಿಕೆಯವರು ಬರೆದರು. ಅದು ಸುಳ್ಳು.

"ಇಷ್ಟು ಕಂಚಿಗೆ ಚರ್ಚಿಗೊಂದು ಗಂಟೆ ಆಗ್ತಿತ್ತಲ್ಲಮ್ಮ," ಎಂದರು ಪಾದ್ರಿ.

"ಕ್ಷಮಿಸೋ ಮನಸ್ಸಿದ್ದಿದ್ರೆ ಗಂಟೆನೇ ಮಾಡ್ತಿದ್ದೆ, ಫಾದರ್."

ಅವಳ ತಮ್ಮ ಆಲೋಯಿಸ್ ಹಿಂದೊಂದು ವರ್ಷದ ಆಟದಲ್ಲಿ, ಬೇರೊಂದು ಫಿರಂಗಿಯ ಮುಂದೆ, ಇದೇ ಬಯಲಿನಲ್ಲಿ ಬಲಗೈ ಕಳೆದುಕೊಂಡಿದ್ದ. ಫಿರಂಗಿಯ ಬಾಯಿಯಿಂದ ಮದ್ದಿನ ಚೀಲವನ್ನು ಕೋಲಿನಲ್ಲಿ ತುರುಕುವುದು ಅವನ ಕೆಲಸವಾಗಿತ್ತು. ತುರುಕುವಷ್ಟು ಹೊತ್ತೂ, ಬೆಂಕಿ ಕೊಡುವ ಹಿಂಬದಿಯ ಸಣ್ಣ ಕಿಂಡಿಯನ್ನು ಇನ್ನೊಬ್ಬ ಚರ್ಮ ಸುತ್ತಿದ ಹೆಬ್ಬೆರಳಿನಿಂದ ಒತ್ತಿ ಮುಚ್ಚಿರಬೇಕು. ಬೆರಳು ಎದ್ದರೆ ಗಾಳಿ ಆಡಿ, ಹಿಂದಿನ ಹೊಡೆತದಿಂದ ಒಳಗೆ ಉಳಿದ ಕಿಡಿ ಮದ್ದಿಗೆ ಹತ್ತಿ ತುರುಕುವವನ ಕೈಮೇಲೇ ಸಿಡಿಯುತ್ತದೆ. ಅಂದು ಕಿಂಡಿ ಮುಚ್ಚಿದ್ದವನು ರೋಸ್ತಿಸ್ಲಾವ್. ಚಕ್ರವರ್ತಿಯ ವೇಷದವನು ಕುದುರೆಯ ಮೇಲೆ ಹಾದುಹೋದಾಗ ಅವನು ಆ ಕೈಯನ್ನೇ ಎತ್ತಿ ಸಲಾಮು ಹೊಡೆದ. ಹಗ್ಗದಾಚೆ ನಿಂತಿದ್ದ ಬ್ಲಾಜೆನಾ ಕಣ್ಣಾರೆ ಕಂಡಳು.

ವಿಚಾರಣೆಯಲ್ಲಿ ರೋಸ್ತಿಸ್ಲಾವ್ ಬೇರೆಯೇ ಹೇಳಿದ. ತನ್ನ ಬೆರಳು ಅಲುಗಲೇ ಇಲ್ಲ, ಆಲೋಯಿಸ್ ಕುಡಿದು ಬಂದು ಒದ್ದೆ ಕುಂಚದಿಂದ ಕಿಡಿ ಆರಿಸದೆ ತುರುಕಿದ ಎಂದ. ಅಕ್ಕನ ಸಾಕ್ಷಿಗೆ ಬೆಲೆ ಸಿಗಲಿಲ್ಲ. ಆಲೋಯಿಸ್ ಊರಿನ ಬಾಯಲ್ಲಿ ಕುಡುಕನಾದ. ಕದನ ಆಡಿಸುವ ಊರಿನ ಸಂಘ ಅವನನ್ನು ಹೊರಗಿಟ್ಟಿತು.

ಫಿರಂಗಿ ಸರ್ಕಾರದ ಪರೀಕ್ಷೆ ಮುಗಿಸಿ ಬಂದ ಮೇಲೆ ಬ್ಲಾಜೆನಾ ಅದನ್ನು ಅದೇ ಸಂಘಕ್ಕೆ ಕೊಟ್ಟಳು. ಯಾರು ಎಲ್ಲಿ ನಿಲ್ಲಬೇಕೆಂದು ತಾನೇ ಹೇಳುವೆನೆಂಬ ಒಂದೇ ಷರತ್ತು. ಹೋಟೆಲಿನಲ್ಲಿ ಎಲ್ಲರೂ ಸೂಪು ಕುಡಿಯುತ್ತ ಕೂತಿದ್ದಾಗ ಹೇಳಿದಳು.

"ತುರುಕೋನು ನೀನು, ರೋಸ್ತಾ."

"ನಂಗೆ ಬೆನ್ನು ನೋವು ಮಾರಾಯ್ತಿ. ಕಿಂಡಿ ಹತ್ರ ನಿಲ್ತೀನಿ."

"ಕಿಂಡಿ ನಂದು."

ಫಿರಂಗಿಯ ಗಾಡಿ ಎಳೆಯುವ ಬೊಹುಸ್ಲಾವ್ ನಕ್ಕ. "ಯಾಕೋ, ಮುಖ ಬಿಳಿಚ್ಕೊಂಡ್ತಲ್ಲ? ಕುಡಿದೋರ ಕೈ ಮಾತ್ರ ಹೋಗೋದು ಅಂತ ನೀನೇ ಅಂದಿದ್ಯಪ್ಪ. ಬಿಯರ್ ಮುಟ್ಬೇಡ, ಆಯ್ತು."

ಒಲ್ಲೆ ಎಂದರೆ ಎಲ್ಲವೂ ಬೆರಳಿನ ಮೇಲೇ ನಿಂತಿದೆ ಎಂದು ಒಪ್ಪಿಕೊಂಡಂತೆ. ರೋಸ್ತಿಸ್ಲಾವ್ ಹೂಂ ಅಂದ.

ಕದನದ ದಿನ ಬಯಲಿನಲ್ಲಿ ಹಿಮ ಗಟ್ಟಿಯಾಗಿತ್ತು. ಮೊದಲ ಮದ್ದನ್ನು ಅವನು ಮೈ ಆದಷ್ಟು ಹೊರಗೆ ವಾಲಿಸಿ ತುರುಕಿದ. ಬ್ಲಾಜೆನಾ ಕಿಂಡಿಯ ಕಡೆ ನೋಡಲೇ ಇಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಅದು ಸಿಡಿದು, ಎರಡನೆಯ ಚೀಲ ಬಾಯಿಗಿಟ್ಟಾಗ ಚಕ್ರವರ್ತಿಯ ವೇಷದವನು ಸಾಲಿನುದ್ದಕ್ಕೂ ಕುದುರೆ ಓಡಿಸುತ್ತ ಬಂದ.

"ಸಲಾಮು ಹೊಡೀಲಾ, ರೋಸ್ತಾ?" ಎಂದಳು, ಮೆಲ್ಲಗೆ.

ಕೋಲು ಹಿಮದ ಮೇಲೆ ಬಿತ್ತು.

"ಬೇಡ, ಬೆರಳು ಎತ್ತಬೇಡ. ಅವತ್ತು ನಾನೇ ಎತ್ತಿದ್ದೆ. ಆಲೋಯಿಸ್ ಕುಡಿದಿರ್ಲಿಲ್ಲ."

"ನಂಗೆ ಗೊತ್ತಿರೋದನ್ನ ನಂಗ್ಯಾಕೆ ಹೇಳ್ತೀಯ? ಅವ್ರಿಗೆ ಹೇಳು."

ಅವನು ಸುತ್ತ ನಿಂತವರ ಕಡೆ ತಿರುಗಿ ಅದನ್ನೇ ಮತ್ತೆ ಹೇಳಿದ. ಬೊಹುಸ್ಲಾವ್ ಕೂಡ ನಗಲಿಲ್ಲ.

"ಇನ್ನು ನನ್ನ ಬಿಟ್ಬಿಡು," ಎಂದ ರೋಸ್ತಿಸ್ಲಾವ್.

"ಮದ್ದು ಬಾಯಲ್ಲೇ ಕೂತಿದೆ. ತುರುಕು."

ತುರುಕಿದ. ಅವಳ ಬೆರಳು ಅಲುಗಲಿಲ್ಲ. ಅಲುಗಿಸುವ ಉದ್ದೇಶ ಅವಳಿಗೆ ಎಂದೂ ಇರಲಿಲ್ಲ. ಅವನು ಹೆದರುವುದು ಬೇಕಿತ್ತು, ಹೆದರಿದ.

ಈಗ ಬೇರೆ ಯಾವ ತಂಡವೂ ಅವನನ್ನು ಕಿಂಡಿಯ ಹತ್ತಿರ ಸೇರಿಸುವುದಿಲ್ಲ. ಮನೆಯಲ್ಲೇ ಉಳಿದರೆ ಊರು ಆಡಿಕೊಳ್ಳುತ್ತದೆ. ಹಾಗಾಗಿ ಪ್ರತಿ ವರ್ಷ ಬ್ಲಾಜೆನಾಳ ಫಿರಂಗಿಯ ಬಾಯಿಗೇ ಬಂದು ನಿಲ್ಲುತ್ತಾನೆ. ಆ ಫಿರಂಗಿಗೆ ಆಜ್ಞೆ ಕೊಡುವವನು, ಸಂಘ ಮತ್ತೆ ಸೇರಿಸಿಕೊಂಡ ಆಲೋಯಿಸ್. ಆ ಕೆಲಸಕ್ಕೆ ಎರಡು ಕೈ ಬೇಕಿಲ್ಲ, ಗಂಟಲು ಸಾಕು. ಅವನ ಗಂಟಲು ಚೆನ್ನಾಗಿದೆ.