ಕ್ಲಾರಿನೆಟ್ಟೂ ಹಾವಿನ ರಾಗವೂ

ಕಣ್ಣಾರೆ ಕಾಣದ, ಸತ್ತು ಎಷ್ಟೋ ವರ್ಷವಾದ ಒಬ್ಬ ಅಮೆರಿಕದವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಸ್ವಿಂಗ್ ಎಂಬ ಕುಣಿತದ ಜಾಜ್ ಸಂಗೀತ ಊರೂರನ್ನೇ ಕುಣಿಸುತ್ತಿದ್ದ ಕಾಲದಲ್ಲಿ ಕ್ಲಾರಿನೆಟ್ ನುಡಿಸಿ ಮೆರೆದವನು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಇದನ್ನು ಬಿಟ್ಟು ಫೋನಿನಲ್ಲಿ ಅವನನ್ನು ಹುಡುಕುತ್ತಾ ಕೂರುತ್ತೀರಿ. ಬಡವರ ಮನೆಯ ಹುಡುಗ, ಹಟ ಹಿಡಿದು ಕಲಿತ, ಸ್ವಂತ ತಂಡ ಕಟ್ಟಿದ, ಒಂದು ಹಾಡಿನಿಂದ ಮನೆಮಾತಾದ. ಆಮೇಲೆ ಹೋದಲ್ಲೆಲ್ಲ ಜನ ಅದೊಂದೇ ಹಾಡಿಗೆ ದುಂಬಾಲು ಬಿದ್ದರು. ತಲೆಕೆಟ್ಟು, ಕೀರ್ತಿಯ ತುತ್ತತುದಿಯಲ್ಲಿರುವಾಗಲೇ ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ಹಾಕಿದವನು ಸಾಯುವತನಕ ಮತ್ತೆ ಮುಟ್ಟಲಿಲ್ಲ. ಅವನ ರೆಕಾರ್ಡುಗಳನ್ನೇ ನಂಬಿಕೊಂಡ ನನ್ನಂಥವರ ಗತಿ ಏನು ಎಂದು ಒಮ್ಮೆಯಾದರೂ ಯೋಚಿಸಬೇಡವೇ?

ಈ ಸಂಕಟವನ್ನು ನಾನು ತೋಡಿಕೊಳ್ಳುತ್ತಿದ್ದದ್ದು ನಂಜಪ್ಪನವರ ಹತ್ತಿರ. ಬೆಂಗಳೂರಿನ ಅತ್ತಿಗುಪ್ಪೆಯಲ್ಲಿ ನಮ್ಮ ಹಿಂದಿನ ಬೀದಿಯವರು. ನಲವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಯುರೋಪಿನಲ್ಲಿ ಹುಟ್ಟಿದ ಈ ವಾದ್ಯ ಅಮೆರಿಕಕ್ಕೆ ಹೋಗಿ ಜಾಜ್ ನುಡಿಸಿತು, ಮೈಸೂರಿಗೆ ಬಂದು ಅರಮನೆ ಸೇರಿತು, ಕೊನೆಗೆ ನಮ್ಮ ಪಕ್ಕದ ವಿಜಯನಗರ ಬಡಾವಣೆಯ ಮದುವೆ ಛತ್ರಗಳ ಮುಂದೆ ಹಾವಾಡಿಗರ ಪುಂಗಿಯಾಯಿತು. ದಿಬ್ಬಣದಲ್ಲಿ ಗಂಡಿನ ಗೆಳೆಯನೊಬ್ಬ ಕರ್ಚೀಫಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಪುಂಗಿ ಮಾಡಿಕೊಳ್ಳಬೇಕು, ಇನ್ನೊಬ್ಬ ಇಸ್ತ್ರಿ ಮಾಡಿದ ಶರ್ಟಿನಲ್ಲೇ ಟಾರು ರಸ್ತೆಯ ಮೇಲೆ ಹೆಡೆಯೆತ್ತಿ ಹೊರಳಬೇಕು. ಅದಾಗದೆ ತಾಳಿ ಕಟ್ಟಿದರೆ ಮದುವೆ ಊರ್ಜಿತವಲ್ಲವೇನೋ ಎಂಬಂತೆ ಆಡುತ್ತಾರೆ.

ನಂಜಪ್ಪನವರ ಮುಂದಿನ ಹಲ್ಲುಗಳೆಲ್ಲ ಅಲ್ಲಾಡುತ್ತಿದ್ದವು. ನನ್ನ ಮಗಳ ಮದುವೆಯಲ್ಲಿ ಊದಿ, ಮರುವಾರ ಕೀಳಿಸುವುದೆಂದು ತೀರ್ಮಾನವಾಗಿತ್ತು. ಹಲ್ಲಿಲ್ಲದೆ ಇನ್ನು ಊದಲಾರೆ ಎಂದು ಅವರೇ ಹೇಳಿದ್ದರು. ಕೊನೆಯ ಸಲವಾದರೂ ಈ ಮನುಷ್ಯ ಹಾವಾಡಿಸಬಾರದು ಎಂದು ನಾನು ಪಣ ತೊಟ್ಟೆ. ಮೂರು ತಿಂಗಳು ದಿನಾ ಅವರ ಮನೆಗೆ ಹೋಗಿ, ಆ ಅಮೆರಿಕದವನ ಹಾಡನ್ನೇ ಫೋನಿನಲ್ಲಿ ಕೇಳಿಸಿ ಕೇಳಿಸಿ ಕಲಿಸಿದೆ. ಬೀಗರಿಗೂ ಮೊದಲೇ ಹೇಳಿಬಿಟ್ಟೆ, "ನಮ್ಮ ಮದುವೇಲಿ ಹಾವು ಬೇಡ." ಅವರು ನನ್ನ ಮುಖವನ್ನೇ ನೋಡಿದರು.

ದಿಬ್ಬಣದ ಸಂಜೆ ನಂಜಪ್ಪ ಸ್ವಿಂಗ್ ಎತ್ತಿಕೊಂಡರು. ಎಷ್ಟು ಚೆನ್ನಾಗಿ ಊದಿದರು ಅಂತೀರಿ! ಎರಡು ನಿಮಿಷವಾಗಿರಲಿಲ್ಲ, ಗಂಡಿನ ಗೆಳೆಯನೊಬ್ಬ ಕೂಗಿದ: "ಏನಣ್ಣ ಇದು, ಲಿಫ್ಟ್ ಮ್ಯೂಸಿಕ್ ಥರ? ಹಾವು ಬಿಡಣ್ಣಾ!" ನಾನು ಕೈ ಅಡ್ಡ ಹಿಡಿದು ಬೇಡ ಬೇಡ ಎಂದೆ. ನಂಜಪ್ಪ ನನ್ನತ್ತ ನೋಡಲೇ ಇಲ್ಲ. ಹಾವು ಬಿಟ್ಟರು. ಮದುಮಗನೂ ಹೊರಳಿದ.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವರನ್ನು ಹಿಡಿದುಕೊಂಡೆ. "ಮೂರು ತಿಂಗಳು ಕಲಿತಿದ್ದು ಇದಕ್ಕಾ ನಂಜಪ್ನೋರೇ? ಆ ಅಮೆರಿಕದವನನ್ನ ನೋಡಿ, ಬೇಜಾರಾಯ್ತು, ಬಿಟ್ಟೇ ಹೋದ!"

"ಅವನಿಗೇನ್ ಸಾರ್, ಹಲ್ಲಿತ್ತು, ಬಿಟ್ಟ," ಎಂದರು ನಂಜಪ್ಪ. "ನಂಗಿರೋದೇ ಇವತ್ತೊಂದಿನ. ಆ ಹುಡುಗ್ರು ಹಾವು ಅಂದ್ರು, ನೀವು ಸ್ವಿಂಗು ಅಂದ್ರಿ. ನಂಗೆ ಎರಡೂ ಒಂದೇ ಸಾರ್."

ಕಪಾಳಕ್ಕೆ ಬಿಗಿದಂತಾಯಿತು. ನಾಚಿಕೆಯೂ ಆಯಿತು. "ಹಾಗಾದ್ರೆ ನಿಮಗೆ ಯಾವ್ದು ಊದ್ಬೇಕು ಅಂತಿತ್ತು?"

"ಅದನ್ನ ಯಾರೂ ಕೇಳೇ ಇರ್ಲಿಲ್ಲ," ಎಂದು ಅವರು ಕ್ಲಾರಿನೆಟ್ಟನ್ನು ಬ್ಯಾಂಡಿನ ಕೆಂಪು ಕೋಟಿನ ತೋಳಿಗೆ ಒರೆಸಿದರು. ಖಾಲಿ ಕುರ್ಚಿಗಳ ಕಡೆ ತಿರುಗಿ ಮೆಲ್ಲಗೆ ಏನನ್ನೋ ಊದತೊಡಗಿದರು. ಯಾವ ಹಾಡು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಬಾಯಿ ಮುಚ್ಚಿಕೊಂಡೆ. ಆ ಮದುವೆಯಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು.