ಅಂಟಿಸಿದ ಪಾಠ

ಹೋದ ತಿಂಗಳು ಮೊಮ್ಮಗಳು ಶಾಲೆಯ ಚಾರ್ಟಿಗೆ ಚಿತ್ರ ಅಂಟಿಸಬೇಕೆಂದು ಹಟ ಹಿಡಿದಳು. ಮನೆಯಲ್ಲಿ ಗೋಂದು ಇರಲಿಲ್ಲ. ಸಣ್ಣ ಪಾತ್ರೆಯಲ್ಲಿ ಮೈದಾ ಕಲಸಿ ಒಲೆಯ ಮೇಲಿಟ್ಟು ತಿರುವುತ್ತಿದ್ದೆ. ಅದು ಗಟ್ಟಿಯಾಗುತ್ತ ಬಂದಂತೆ ಬೆಂದ ಹಿಟ್ಟಿನ ಆ ಮಂದ ವಾಸನೆ ಎದ್ದಿತು... ನನ್ನ ಕೈ ನಿಂತುಬಿಟ್ಟಿತು. ಅಂಟು ತಳ ಹಿಡಿದು ಸೀದುಹೋಯಿತು, ಮೊಮ್ಮಗಳು ಬೈದಳು. ನನಗೆ ನಮ್ಮ ವಿಜ್ಞಾನದ ಟೀಚರಬಾಯಿ ನೆನಪಾಗಿದ್ದರು.

ಆಳಂದದಲ್ಲಿ ನಾನು ಹತ್ತನೇ ಇಯತ್ತೆಗೆ ಹೋದ ವರ್ಷ ಅದು. ಹೊಸ ಪುಸ್ತಕಗಳಿಗೆ ಪೇಪರಿನ ಹೊದಿಕೆ ಹಾಕಲು ಅವ್ವ ಇದೇ ಅಂಟು ಕುದಿಸಿದ್ದಳು. ಅಪ್ಪ ಎಂದೂ ನನ್ನ ಪುಸ್ತಕ ಮುಟ್ಟಿದವನಲ್ಲ. ಅಂದು ಮಾತ್ರ ವಿಜ್ಞಾನದ ಪುಸ್ತಕ ಕೇಳಿ ತೆಗೆದುಕೊಂಡ, ಪುಟ ತಿರುವುತ್ತ ಹೋಗಿ ಒಂದು ಪಾಠದ ಹತ್ತಿರ ನಿಂತ. ಮನುಷ್ಯರ ಸಂತಾನೋತ್ಪತ್ತಿಯ ಪಾಠ. ಅದರ ಒಂದೊಂದು ಹಾಳೆಯ ಅಂಚಿಗೂ ಬೆರಳಿನಿಂದ ಅಂಟು ಸವರಿ, ಒಂದಕ್ಕೊಂದು ಒತ್ತಿ, ಮೇಲೆ ಬೀಸುವ ಕಲ್ಲಿಟ್ಟ. ಅವನು ದುಡಿಯುತ್ತಿದ್ದ ದಾಲ್ ಮಿಲ್ಲಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. ಮರುದಿನ ಶಾಲೆಗೆ ಹೋಗಿ ನೋಡಿದರೆ ಅರ್ಧ ಹುಡುಗಿಯರ ಪುಸ್ತಕ ಹಾಗೇ ಇತ್ತು. ಅಪ್ಪಂದಿರೆಲ್ಲ ಸಭೆ ಸೇರಿ ಠರಾವು ಮಾಡಿದಂತಿತ್ತು.

ಇದಕ್ಕೆಲ್ಲ ಕಾರಣ ಟೀಚರಬಾಯಿಯ ಮೇಲಿನ ಸಂಶಯ. ಜೇವರ್ಗಿ ಕಡೆಯ, ಅಂದೋಲಾದ ಹತ್ತಿರದ ಹಳ್ಳಿಯವರು. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ದರ್ಜಿಯೊಬ್ಬರ ಮನೆಯ ಹಿಂದಿನ ಖೋಲಿಯಲ್ಲಿ ಒಬ್ಬರೇ ಇರುತ್ತಿದ್ದರು. ಇಷ್ಟು ಸಾಕಾಗಿತ್ತು ಊರಿಗೆ. ಅದರ ಮೇಲೆ ಅವರ ಹೆಗಲಲ್ಲೊಂದು ಖಾದಿ ಚೀಲ, ಅದರಲ್ಲಿ ಏನಿರುತ್ತದೆ ಎಂದು ಓಣಿಯ ಹೆಂಗಸರು ದಿನಕ್ಕೊಂದು ಹೇಳುತ್ತಿದ್ದರು. ಟೊಮೆಟೊ, ಬದನೆಕಾಯಿ ಇರುತ್ತಿತ್ತು, ನಾನೇ ಕಂಡಿದ್ದೇನೆ. ಆದರೂ ನನಗೂ ಸಂಶಯವೇ. ಕಾಮಾಲೆ ಕಣ್ಣಿಗೆ ಎಲ್ಲ ಹಳದಿ.

ಊರಿನ ಸಂಶಯ ಸುಮ್ಮನೆ ಹುಟ್ಟಿದ್ದೂ ಅಲ್ಲ. ಎಮರ್ಜನ್ಸಿ ಮುಗಿದು ಎರಡು ವರ್ಷವಾಗಿತ್ತಷ್ಟೆ. ಜೀಪು ಬಂತೆಂದರೆ ಗಂಡಸರು ತೊಗರಿ ಹೊಲ ಹೊಗುತ್ತಿದ್ದ ಕಾಲ ಇನ್ನೂ ಯಾರಿಗೂ ಮರೆತಿರಲಿಲ್ಲ. ಅಪ್ಪ ಕಿಣ್ಣಿ ಸುಲ್ತಾನದ ನಮ್ಮ ಸೋದರತ್ತೆಯ ಹೊಲದಲ್ಲಿ ಮೂರು ದಿನ ಅಡಗಿ ಕುಳಿತು ಬಂದವನು. ಆಗ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಜನ ತರುವ ಕೆಲಸ ಮಾಸ್ತರರ ತಲೆಗೂ ಬಿದ್ದಿತ್ತು. ತಂದ ಮನುಷ್ಯನಿಗೆ 'ಕೇಸು' ಎನ್ನುತ್ತಿದ್ದರು. ಹಾಗಾಗಿ ಶಾಲೆಯವರು ಮನೆಯ ವಿಷಯ ಮಾತಾಡಿದರೆಂದರೆ ಕೇಸು ಹಿಡಿಯಲಿಕ್ಕೇ ಎಂದು ಅಪ್ಪನ ಪಕ್ಕಾ ನಂಬಿಕೆ.

ನಮ್ಮ ಮನೆಯಲ್ಲಿ ಇನ್ನೊಂದು ಸಂಗತಿ ಇತ್ತು. ಅವ್ವ ಏಳು ಹಡೆದಿದ್ದಳು, ಐದು ಉಳಿದಿದ್ದೆವು, ನಾನೇ ದೊಡ್ಡವಳು. ಕೊನೆಯ ತಮ್ಮ ಹುಟ್ಟಿದಾಗ ರಕ್ತ ನಿಲ್ಲದೆ ಅವ್ವ ಸಾಯುವುದರಲ್ಲಿದ್ದಳು. ಇನ್ನೊಂದು ಬಸಿರಾದರೆ ಈಕೆ ಉಳಿಯುವುದಿಲ್ಲ ಎಂದು ನರ್ಸು ಅಜ್ಜಿಗೆ ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದ್ದೆ. ಅಪ್ಪನಿಗೂ ಗೊತ್ತಿತ್ತು. ದೇವರಿದ್ದಾನೆ ಎನ್ನುತ್ತಿದ್ದ. ಬಸಿರು ಹೇಗಾಗುತ್ತದೆಂಬುದೇ ನನಗೆ ಸರಿಯಾಗಿ ತಿಳಿದಿರಲಿಲ್ಲ. ಆದರೆ ಅವ್ವ ವಾಂತಿ ಮಾಡಿದರೆ ಸಾಕು, ಬಸಿರೇನೋ ಎಂದು ಅಜ್ಜಿಯನ್ನು ಕೇಳಲು ಓಡುತ್ತಿದ್ದೆ.

ಆ ಪಾಠದ ಸರದಿ ಬಂದ ದಿನ ಟೀಚರಬಾಯಿ ನಮ್ಮ ಪುಸ್ತಕಗಳನ್ನು ನೋಡಿದರು. ಅಂಟಿದ ಹಾಳೆಗಳ ಮೇಲೆ ಬೆರಳಾಡಿಸಿದರು. ಸಿಟ್ಟಿಗೇಳುತ್ತಾರೆಂದುಕೊಂಡಿದ್ದೆವು, ಏಳಲಿಲ್ಲ.

“ಈ ಪಾಠ ನಾ ಹೇಳೂದಿಲ್ಲ,” ಎಂದರು. “ಬಿಸಿ ಉಗಿಗೆ ಹಿಡದ್ರ ಹಾಳಿ ಬಿಡ್ತಾವ. ಬಿಡಿಸಿ, ನಿಮ್ಮ ನಿಮ್ಮ ಅವ್ವಗೋಳ ಮುಂದ ಕುಂತು ಜೋರಾಗಿ ಓದ್ರಿ. ಅವರಿಗೆ ಇದೆಲ್ಲಾ ಗೊತ್ತೈತಿ, ಹೆಸರಷ್ಟೇ ಗೊತ್ತಿಲ್ಲ.”

ಇಂಥ ಮನೆಗೆಲಸ ಯಾರಾದರೂ ಕೊಡುತ್ತಾರೆಯೇ? ಇದರಲ್ಲಿ ಏನೋ ಇದೆ ಎಂದೇ ನಾನು ಎರಡು ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಮೂರನೆಯ ದಿನ ಅವ್ವನೇ ಕೇಳಿದಳು. ಪಕ್ಕದ ಮನೆಯ ಹುಡುಗಿ ಓದಿದ್ದು ಆಕೆಯ ಕಿವಿಗೆ ಬಿದ್ದಿತ್ತು. ಮಧ್ಯಾಹ್ನ, ಅಪ್ಪ ಮಿಲ್ಲಿನಲ್ಲಿದ್ದಾಗ, ಜೋಳದ ನುಚ್ಚಿನ ಗಡಿಗೆಯ ಉಗಿಗೆ ಪುಸ್ತಕ ಹಿಡಿದು ಒಂದೊಂದೇ ಹಾಳೆ ಬಿಡಿಸಿಕೊಟ್ಟಳು. ಅಕ್ಷರ ಬಾರದವಳು, ಒಂದು ಹಾಳೆಯೂ ಹರಿಯಲಿಲ್ಲ.

ನಾನು ತಲೆ ಎತ್ತದೆ ಓದಿದೆ. ಅಂಡಾಶಯ, ಗರ್ಭಕೋಶ, ಭ್ರೂಣ. ಅವ್ವ ನಡುವೆ ತಡೆದು, ಗರ್ಭಕೋಶ ಎಂದರೆ ಯಾವುದು ಎಂದು ಕೇಳಿದಳು. ಚಿತ್ರ ತೋರಿಸಿದೆ. ಆಕೆ ಚಿತ್ರ ನೋಡಿದಳು, ತನ್ನ ಹೊಟ್ಟೆ ಮುಟ್ಟಿಕೊಂಡಳು, ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು.

“ಏಳು ಹಡದೇನಿ ಬೇ. ಇದರ ಹೆಸರು ಇವತ್ತ ಕೇಳಾಕತ್ತೇನಿ.”

ಅಂದು ಅವ್ವ ಮಾತಾಡಿದಷ್ಟು ಅದಕ್ಕೆ ಮೊದಲು ನನ್ನೊಡನೆ ಎಂದೂ ಮಾತಾಡಿರಲಿಲ್ಲ. ಮೊದಲ ಸಲ ಮುಟ್ಟಾದಾಗ ಸಾಯುತ್ತೇನೆಂದು ದನದ ಕೊಟ್ಟಿಗೆಯಲ್ಲಿ ಅಡಗಿದ್ದಳಂತೆ. ಮದುವೆಯಾದ ಮರುವರ್ಷ ಹೊಟ್ಟೆಯಲ್ಲಿ ನಾನು ಅಲುಗಾಡಿದಾಗ ಹುಳವಿರಬೇಕೆಂದು ಬೇವಿನ ರಸ ಕುಡಿದಿದ್ದಳಂತೆ. ಗಂಡನಾದವನು ಏನು ಮಾಡುತ್ತಾನೆ, ಯಾವಾಗ ಬಸಿರು ನಿಲ್ಲುತ್ತದೆ, ಎಲ್ಲವನ್ನೂ ಹಸಿಹಸಿಯಾಗಿ ಹೇಳಿದಳು. ನನಗೆ ನಾಚಿಕೆಯಿಂದ ಕಿವಿ ಸುಟ್ಟವು. ಖುಷಿಯೂ ಆಗಿತ್ತು, ಸುಳ್ಳೇಕೆ ಹೇಳಲಿ. ಪಾಠದ ಕೊನೆಗೆ ಬಸಿರು ತಡೆಯುವ ಉಪಾಯಗಳ ಬಗ್ಗೆ ನಾಲ್ಕು ಸಾಲು ಇದ್ದವು. ಆಪರೇಷನ್, ಗುಳಿಗೆ, ಗರ್ಭಕೋಶದಲ್ಲಿ ಇಡುವ ವಂಕಿ. ಆ ನಾಲ್ಕು ಸಾಲನ್ನು ಅವ್ವ ಮೂರು ಸಲ ಓದಿಸಿದಳು.

ಮರುದಿನ ಟೀಚರಬಾಯಿ ನನ್ನನ್ನು ಕೇಳಿದರು, ಅವ್ವ ಏನಂದಳು ಎಂದು. ಕೊನೆಯ ಸಾಲುಗಳನ್ನು ಮೂರು ಸಲ ಓದಿಸಿದಳೆಂದೆ. ಅವರು ತಲೆಯಾಡಿಸಿದರು. ಹೇಳಿಬಿಟ್ಟ ಮೇಲೆ ನನಗೆ ಸಂಶಯ ಬಂತು. ನಮ್ಮವ್ವ ಏನಂದಳೆಂಬುದು ಇವರಿಗೇಕೆ ಬೇಕು?

ಸಂತೆಯ ದಿನ ಅವ್ವ ದರ್ಜಿಯ ಮನೆಯ ಹಿಂದಿನಿಂದ ಹೊರಬರುವುದನ್ನು ಕಂಡೆ. ಕೈಯಲ್ಲಿ ಹೊಲಿಯಲು ಕೊಡುವ ಬಟ್ಟೆ ಇರಲಿಲ್ಲ. ಮುಂದಿನ ವಾರ ಗುಲ್ಬರ್ಗಾದಲ್ಲಿ ಅಕ್ಕನ ಮಗಳ ಸೀಮಂತದ ಕುಬಸ ಇದೆಯೆಂದು ಹೋಗಿ ಎರಡು ದಿನ ಬಿಟ್ಟು ಬಂದಳು. ಅವೇ ಎರಡು ದಿನ ಟೀಚರಬಾಯಿ ಶಾಲೆಗೆ ಬಂದಿರಲಿಲ್ಲ. ನಾನು ಎರಡನ್ನೂ ಜೋಡಿಸಿದೆ. ಮನೆಗೆಲಸವೆಂಬುದು ಗಾಳವಾಗಿತ್ತು, ನಾನು ಎರೆಹುಳ. ನನ್ನ ಬಾಯಿಂದ ಓದಿಸಿ ನನ್ನ ಅವ್ವನನ್ನೇ ಕೇಸು ಮಾಡಹೊರಟಿದ್ದಾರೆ. ಆಪರೇಷನ್ ಮಾಡಿಸಿಕೊಂಡವರು ಸತ್ತ ಕಥೆಗಳನ್ನು ಎಷ್ಟು ಕೇಳಿರಲಿಲ್ಲ? ಆ ಸಂಜೆ ಅಪ್ಪ ರೊಟ್ಟಿ ಮುರಿಯುತ್ತಿದ್ದಾಗ ಹೇಳಿಬಿಟ್ಟೆ, ಟೀಚರ್ ಅವ್ವನ್ನ ತಮ್ಮ ಖೋಲಿಗೆ ಕರೆಸಾಕತ್ತಾರ ಎಂದು.

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿ, ಹೌದು, ಕರೆದಿದ್ದಳು, ಆಪರೇಷನ್ ಮಾಡಿಸಿಕೋ ಅಂದಳು, ನಾನು ಒಲ್ಲೆ ಅಂದು ಬಂದೆ ಎಂದಳು. ನನ್ನ ಸಂಶಯ ಖರೆಯಾಯಿತೆಂದು ನಾನು ಒಳಗೊಳಗೆ ಹಿಗ್ಗಿದೆ.

ಮರುದಿನ ಅಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಶಾಲೆಗೆ ಬಂದ. ವರಾಂಡದಲ್ಲಿ, ಹುಡುಗಿಯರೆಲ್ಲ ಕಿಟಕಿಯಲ್ಲಿ ನೋಡುತ್ತಿದ್ದಾಗ, ನನ್ನ ಹೆಂಡತಿಯನ್ನು ಕರೆಸಿದ್ದು ಹೌದೋ ಅಲ್ಲವೋ ಎಂದು ಕೇಳಿದ. ಬಾಯಿಗೆ ಬಂದದ್ದನ್ನೂ ಅಂದ. ಮದುವೆಯಾಗದವಳಿಗೆ ಸಂಸಾರಸ್ಥರ ಹಾಸಿಗೆಯ ಚಿಂತೆ ಯಾಕೆ ಎಂದ.

ಟೀಚರಬಾಯಿ ಒಮ್ಮೆ ಕಿಟಕಿಯ ಕಡೆ ನೋಡಿದರು. ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

“ಹೌದ್ರಿ, ನಾನೇ ಕರದಿದ್ದೆ,” ಎಂದರು. “ಅವರು ಒಲ್ಲೆ ಅಂದ್ರು. ತಪ್ಪು ನಂದ್ರಿ.”

ತಿಂಗಳೊಳಗೆ ಅವರೇ ಬದಲಿ ಕೇಳಿಕೊಂಡು ಅಫಜಲಪುರದ ಕಡೆ ಹೋದರು. ಆ ಪಾಠದಿಂದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು, ನಾನು ಸರಿಯಾಗಿ ಬರೆದೆ.

ಏಳು ವರ್ಷಗಳ ನಂತರ, ನನ್ನ ಮೊದಲ ಬಾಣಂತನದಲ್ಲಿ, ಅವ್ವ ನನ್ನ ತಲೆಗೆ ಎಣ್ಣೆ ಒತ್ತುತ್ತ ಮುಂದಿನದಕ್ಕೆ ಅವಸರ ಮಾಡಬೇಡ ಎಂದಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ಟೀಚರಬಾಯಿ ಆಕೆಯನ್ನು ಕರೆಸಿರಲೇ ಇಲ್ಲ. ನಾಲ್ಕು ಸಾಲು ಕೇಳಿದ ಮೇಲೆ ಅವ್ವನೇ ಹುಡುಕಿಕೊಂಡು ಹೋಗಿ, ನನ್ನನ್ನು ಉಳಿಸಿ ಎಂದು ಕೈ ಹಿಡಿದಿದ್ದಳು. ಗುಲ್ಬರ್ಗಾದಲ್ಲಿ ಕುಬಸವೂ ಇರಲಿಲ್ಲ, ಏನೂ ಇರಲಿಲ್ಲ. ಆಪರೇಷನ್ನಿಗೆ ಗಂಡನ ಸಹಿ ಕೇಳುತ್ತಾರೆಂದು ವಂಕಿ ಹಾಕಿಸಿಕೊಂಡು ಬಂದಿದ್ದಳು. ನಾನು ಚಾಡಿ ಹೇಳಿದ ಸಂಜೆ ಅದು ಆಗಲೇ ಆಕೆಯ ಒಳಗಿತ್ತು. ಅಪ್ಪನಿಗೆ ತಿಳಿದಿದ್ದರೆ ತೆಗೆಸದೆ ಬಿಡುತ್ತಿರಲಿಲ್ಲ.

“ಗಂಡ ಕೇಳಿದ್ರ ನನ್ನ ಮ್ಯಾಲ ಹಾಕ್ರಿ ಅಕ್ಕಾ ಅಂತ ಆಕಿನೇ ಹೇಳಿ ಕಳಿಸಿದ್ದಳು,” ಎಂದಳು ಅವ್ವ. “ನಾ ಹಾಕಿದೆ.”

ಬಾಣಂತಿ ಹಾಸಿಗೆಯಲ್ಲೂ ನನ್ನ ಸಂಶಯ ಸಾಯಲಿಲ್ಲ ನೋಡಿ. ಹಾಗಾದರೆ ದವಾಖಾನೆಯಲ್ಲಿ ನಿನ್ನನ್ನು ತಮ್ಮ ಕೇಸು ಎಂದು ಬರೆಸಿರಬೇಕಲ್ಲ ಎಂದೆ. ಅವ್ವನ ಕೈ ನನ್ನ ನೆತ್ತಿಯ ಮೇಲೆ ನಿಂತಿತು. ಇಲ್ಲವಂತೆ. ಹೆಸರು, ಊರು ಬರೆಸಿದರೆ ನರ್ಸು ವಿಚಾರಿಸಲು ಮನೆಗೇ ಬರುತ್ತಾಳೆಂದು, ಈಕೆ ನನ್ನ ಅಕ್ಕ ಎಂದು ಹೇಳಿ ತಮ್ಮ ಊರಿನ ವಿಳಾಸ ಕೊಟ್ಟಿದ್ದರಂತೆ. ನನಗೆ ಅಳು ಬಂತು. ಬಾಣಂತಿ ಅಳಬಾರದೆಂದು ಅವ್ವ ಬೈದಳು. ನಾನೇ ಹೇಳಿದ್ದೆಂದು ಗೊತ್ತಿದ್ದೂ ಇಷ್ಟು ವರ್ಷ ಒಂದು ಮಾತಾಡದವಳು ಅಂದೂ ಅದರ ಸುದ್ದಿ ತೆಗೆಯಲಿಲ್ಲ.

ಟೀಚರಬಾಯಿಗೆ ಒಂದು ಕಾರ್ಡು ಬರೆಯಬೇಕೆಂದುಕೊಂಡೆ. ಏನೆಂದು ಬರೆಯುವುದು... ನಾಳೆ, ಹಬ್ಬ ಕಳೆಯಲಿ, ಮಗುವಿಗೆ ಹಲ್ಲು ಬರಲಿ. ಮುಂದೆ ನನ್ನ ಮಗಳು ದೊಡ್ಡವಳಾದಾಗ ಅವಳಿಗೆ ಹೇಳಬೇಕಾದದ್ದನ್ನೂ ನಾನು ಹೇಳಲಿಲ್ಲ. ಅವಳ ಶಾಲೆಯ ಚೀಲ ಕದ್ದು ನೋಡುವುದಷ್ಟೇ ನನ್ನಿಂದಾದದ್ದು. ಹೇಳಿದವಳು ಅವ್ವ, ಮಾಳಿಗೆಯ ಮೇಲೆ ಹಪ್ಪಳ ಹಾಕುತ್ತ, ಗರ್ಭಕೋಶ ಎಂಬ ಹೆಸರನ್ನೂ ಸರಿಯಾಗಿ ಹಿಡಿದು.

ಅಂಟು ಸೀದ ಮರುದಿನ ಮಗನನ್ನು ಕರೆದುಕೊಂಡು ಅಂದೋಲಾದ ಕಡೆ ಹೋದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬಾಗಿಲಿಗೆ ಬಂದವರು ಅವರ ಅಣ್ಣನ ಮಗ, ಐವತ್ತರ ಆಸುಪಾಸು. ಒಳಗೆ ಬನ್ನಿ ಎನ್ನಲಿಲ್ಲ. ಪಿಂಚಣಿ ಆಫೀಸಿನವರೇ, ಹೊಲದ ಕಾಗದದ ಕೆಲಸವೇ ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಡಲಿ, ನನಗೆ ತಕ್ಕದ್ದೇ. ಅವರ ವಿದ್ಯಾರ್ಥಿನಿ, ಆಳಂದದವಳು ಎಂದೆ.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು ಎಂದರು. ಇನ್ನೇನು ತಿರುಗಬೇಕು, ಅವರೇ ತಡೆದರು.

“ಆಳಂದದ ಕಡಿಯವರು ಯಾರು ಬಂದ್ರೂ ಒಂದೇ ಕೇಳ್ತಿದ್ದಳ್ರಿ. ಅಲ್ಲಿ ನಮ್ಮ ಅಕ್ಕ ಅದಾಳ, ಬದುಕ್ಯಾಳೇನು ಅಂತ. ಆಕಿಗೆ ಅಕ್ಕ ತಂಗಿ ಯಾರೂ ಇಲ್ರಿ. ವಯಸ್ಸಿನ ಭ್ರಮಿ ಅಂತ ಸುಮ್ಮಾಗಿದ್ವಿ. ನಿಮಗೇನರ ಗೊತ್ತೈತೇನ್ರಿ?”

“ಇದ್ದಳ್ರಿ,” ಎಂದೆ. “ಆಮ್ಯಾಲ ಒಂದೂ ಹಡೀಲಿಲ್ಲ. ನಲವತ್ತು ವರ್ಷ ಗಟ್ಟಿಮುಟ್ಟ ಇದ್ದಳು.”

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವವರಿಗೆ ಇದನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಲು ನನಗೂ ನಲವತ್ತು ವರ್ಷ ಇದ್ದವು.